ನೀರು ನಿಲ್ಲುವ ತಿರುವು

ನಾಗೇಶ ಶಾಮಿಯಾನದ ಹಗ್ಗವನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದ. ಗಂಟು ಮೊದಲೇ ಬಿಗಿಯಾಗಿತ್ತು. ಬಾಡಿಗೆಗೆ ಕೊಟ್ಟವರು ಕಟ್ಟಿ ಹೋಗಿದ್ದನ್ನು ಒಮ್ಮೆ ಬಿಚ್ಚಿ, ತುಸು ಮೇಲಕ್ಕೆ ಕಟ್ಟಿ, ದೂರ ನಿಂತು ನೋಡಿ, ಸಮಾಧಾನವಾಗದೆ ಪುನಃ ಅದಕ್ಕೇ ಕೈ ಹಾಕಿದ್ದ. ಅಂಗಳದ ಕುರ್ಚಿಗಳಲ್ಲಿ ಕೂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಳಗೆ ನಡುಮನೆಯಲ್ಲಿ ಅವನ ಹೆಂಡತಿ ಶ್ರೀಲತಾಳನ್ನು ಚಾಪೆಯ ಮೇಲೆ ಮಲಗಿಸಿದ್ದರು. ತಲೆಯ ಹತ್ತಿರ ದೀಪ ಉರಿಯುತ್ತಿತ್ತು. ಗಂಡನಾದವನು ಅಲ್ಲಿ ಕೂರುವುದು ಬಿಟ್ಟು ಹೊರಗೆ ಹಗ್ಗ ಎಳೆಯುತ್ತಿದ್ದಾನೆ.

“ಹಗ್ಗ ಬಿಡ್ರಿ ನಾಗೇಶಣ್ಣ, ಹುಡುಗ್ರು ನೋಡ್ಕೋತಾರೆ. ಒಳಗ್ ಹೋಗಿ ಕುಂದರ್ರಿ,” ಎಂದಳು ಪಕ್ಕದ ಮನೆಯ ಲೋಕಮ್ಮ.

“ಮಳೆ ಬಂದ್ರೆ ನೀರು ನಡುವೆ ನಿಂತು ಜಗ್ಗತ್ತೆ ಲೋಕಮ್ಮ. ಒಂದು ಕಡೆ ಇಳಿಜಾರು ಬೇಕು.”

ಹೇಳಿದ ಮೇಲೆ ಅವನಿಗೇ ತಿಳಿಯಿತು, ಅದು ತನ್ನ ಮಾತಲ್ಲ, ಶ್ರೀಲತಾಳ ಮಾತು. ಹಗ್ಗ ಕೈಬಿಟ್ಟ. ಹಿತ್ತಲಿಗೆ ಹೋದ, ಅಲ್ಲಿ ಮಾಡುವುದೇನೂ ಇರಲಿಲ್ಲ, ತಿರುಗಿ ಬಂದ. ಗೇಟಿನವರೆಗೆ ಹೋಗಿ ಪಡುವಣದ ಕಡೆ ನೋಡಿದ. ಜೂನ್ ಅರ್ಧ ಕಳೆದಿದ್ದರೂ ಶಿಕಾರಿಪುರಕ್ಕೆ ಈ ಸಲ ನೆಲ ನೆನೆಯುವಂಥ ಒಂದು ಮಳೆ ಬಂದಿರಲಿಲ್ಲ. ಇವತ್ತು ಮಾತ್ರ ಸೊರಬದ ದಿಕ್ಕಿನಲ್ಲಿ ಆಕಾಶ ಮಸಿ ಬಳಿದಂತೆ ಕಪ್ಪಾಗಿತ್ತು.

ಅವನ ಬೆನ್ನ ಹಿಂದೆ ಹೆಂಗಸರ ಮಾತು ನಡೆದಿತ್ತು.

“ಮಳೆ ಬಂತು ಅಂದ್ರೆ ನಾವೆಲ್ಲ ಒಣಗ್ಸಿದ್ ಬಟ್ಟೆ ತಗಿಯಾಕೆ ಓಡ್ತಿದ್ವಿ. ಈಯಮ್ಮ ಕೊಡೆ ಹಿಡ್ಕೊಂಡು ರಸ್ತೆಗೆ ಓಡೋರು. ನಾನು ಈ ಬೀದಿಗೆ ಬಂದ ಹೊಸದ್ರಾಗ, ಏನ್ ಕಳ್ಕೊಂಡ್ರಿ ಅಂತ ಕೇಳೀನಿ. ನೀರು ಎತ್ಲಾಗೆ ಹೋಗುತ್ತೆ ನೋಡ್ತಿದೀನಿ ಅಂದ್ರು.”

“ಅವ್ರ ಕೆಲ್ಸನೇ ಅದಲ್ವೇನೆ?”

“ಕೆಲ್ಸ ಎಲ್ರೂ ಮಾಡ್ತಾರೆ. ಭಾನುವಾರ ಯಾರ್ ಮಾಡ್ತಾರೆ?”

ಕೆಲಸ ಅದೇ ಆಗಿತ್ತು. ಲೋಕೋಪಯೋಗಿ ಇಲಾಖೆಯ ಕಚೇರಿಯಲ್ಲಿ ಶ್ರೀಲತಾ ಇಪ್ಪತ್ತು ವರ್ಷಕ್ಕೂ ಮೇಲೆ ರಸ್ತೆಗಳ ನಕ್ಷೆ ಮಾಡಿದಳು. ಹೆದ್ದಾರಿ ಎಲ್ಲಿಂದ ಎಲ್ಲಿಗೆ ಹೋಗಬೇಕು ಎನ್ನುವುದನ್ನು ಬೇರೆಯವರು ಗೊತ್ತುಮಾಡುತ್ತಿದ್ದರು. ಅದರ ಮೇಲೆ ಬಿದ್ದ ಮಳೆ ಎಲ್ಲಿಗೆ ಹೋಗಬೇಕು ಎನ್ನುವುದು ಅವಳ ಪಾಲಿಗೆ ಬರುತ್ತಿತ್ತು. ಉದ್ಘಾಟನೆಯ ದಿನ ಯಾರೂ ಚರಂಡಿಯ ಹತ್ತಿರ ನಿಂತು ಫೋಟೊ ತೆಗೆಸಿಕೊಳ್ಳುವುದಿಲ್ಲ. ಅವಳನ್ನು ಯಾವ ಉದ್ಘಾಟನೆಗೂ ಕರೆದದ್ದು ನಾಗೇಶನಿಗೆ ನೆನಪಿರಲಿಲ್ಲ. ಗುತ್ತಿಗೆದಾರರು ಹಿಂದಿನಿಂದ ‘ನೀರು ಮೇಡಂ’ ಅನ್ನುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು.

ಗೇಟಿನ ಮುಂದೆ ಬೈಕೊಂದು ನಿಂತಿತು. ಇಳಿದವನು ಈಶ್ವರ್, ಕಚೇರಿಯಲ್ಲಿ ಅವಳ ಕೈಕೆಳಗೆ ಕೆಲಸ ಕಲಿತ ಇಂಜಿನಿಯರ್. ತೊಟ್ಟಿದ್ದ ರೇನ್‌ಕೋಟಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

“ಸರ್...” ಎಂದು ನಾಗೇಶನ ಎರಡೂ ಕೈ ಹಿಡಿದುಕೊಂಡ.

ನಾಗೇಶ ಅವನ ತೋಳಿನ ನೀರನ್ನೇ ನೋಡುತ್ತಿದ್ದ. “ಎಲ್ಲಿಂದ ಬಂದ್ರಿ?”

“ಸೊರಬದಿಂದ ಸರ್. ಅಲ್ಲಿ ಬೆಳಗಿಂದ ಜೋರು ಮಳೆ.”

“ಕಲ್ಲಹಳ್ಳದ ತಿರುವಿನಲ್ಲೂ ಇತ್ತಾ?”

“ಇತ್ತು.”

“ನೀರು ನಿಂತಿತ್ತಾ?”

ಈಶ್ವರ್ ತಬ್ಬಿಬ್ಬಾದ. “ಹೆಲ್ಮೆಟ್ಟಿನ ಗ್ಲಾಸಿಂದ ಏನೂ ಕಾಣ್ತಿರ್ಲಿಲ್ಲ ಸರ್. ಮೇಡಂ ವಿಷಯ ಗೊತ್ತಾಗಿ ಹಂಗೇ ಬಂದ್ಬಿಟ್ಟೆ. ನಾನು... ನೋಡ್ಲಿಲ್ಲ.”

“ಪರವಾಗಿಲ್ಲ, ಪರವಾಗಿಲ್ಲ,” ಎನ್ನುತ್ತ ನಾಗೇಶ ಅವನ ಕೈ ಬಿಡಿಸಿಕೊಂಡು ಮತ್ತೆ ಗೇಟಿನತ್ತ ನಡೆದ.

*

ಮದುವೆಯಾದ ಮೊದಲ ಬೇಸಿಗೆಯಲ್ಲಿ ಅವಳು ಅವನನ್ನು ಆ ತಿರುವಿಗೆ ಕರೆದುಕೊಂಡು ಹೋಗಿದ್ದಳು. ಆಗ ನಾಗೇಶ ಶಿರಾಳಕೊಪ್ಪದಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟ ಹೊಸತು. ಭಾನುವಾರ ಹೆಂಡತಿ ಹೊರಗೆ ಹೋಗೋಣ ಅಂದಾಗ ಚಂದ್ರಗುತ್ತಿಗೋ ಬನವಾಸಿಗೋ ಇರಬೇಕೆಂದು ಹೊಸ ಅಂಗಿ ಹಾಕಿಕೊಂಡಿದ್ದ. ಅವಳು ಎರಡು ಪ್ಲಾಸ್ಟಿಕ್ ಕೊಡ ತಂದು ಬೈಕಿನ ಹಿಂದೆ ಕೂತಳು.

ಸೊರಬದ ದಾರಿಯಲ್ಲಿ ರಸ್ತೆ ಎಡಕ್ಕೆ ಹೊರಳುವ ಕಡೆ ಬೈಕ್ ನಿಲ್ಲಿಸಲು ಹೇಳಿದಳು. ಹಿಂದಿನ ಮಳೆಗಾಲ ಅಲ್ಲೊಂದು ಹಾಲಿನ ವ್ಯಾನು ಮಗುಚಿತ್ತು. ಡ್ರೈವರ್ ನಿದ್ದೆ ಮಾಡಿದ ಎಂದು ಎಲ್ಲರೂ ಅಂದಿದ್ದರು. ಅಳತೆಗೆ ಹೋದ ತಂಡದಲ್ಲಿ ಇವಳಿದ್ದಳು. ಡ್ರೈವರ್ ಉಳಿದಿರಲಿಲ್ಲವಾದ್ದರಿಂದ, ನಿದ್ದೆ ಮಾಡಿರಲಿಲ್ಲ ಎಂದು ಹೇಳುವವರು ಯಾರೂ ಇರಲಿಲ್ಲ.

“ಇಲ್ಲಿ ಸುರೀರಿ,” ಎಂದಳು.

ಹಳ್ಳದಿಂದ ನೀರು ತುಂಬಿ ತಂದು ನಾಗೇಶ ಡಾಂಬರಿನ ಮೇಲೆ ಸುರಿದ. ನೇರ ರಸ್ತೆಯಲ್ಲಿ ಸುರಿದದ್ದು ಎರಡೂ ಕಡೆಗೆ ಹರಿದು ಹೋಯಿತು. ತಿರುವಿನೊಳಗೆ ಸುರಿದದ್ದು ಒಂದೇ ಕಡೆಗೆ ಹೋಯಿತು. ಇವೆರಡರ ನಡುವೆ ಒಂದು ಜಾಗದಲ್ಲಿ ಸುರಿದಾಗ ಮಾತ್ರ ನೀರು ಎಲ್ಲಿಗೂ ಹೋಗದೆ ತೆಳ್ಳಗೆ ಹರಡಿಕೊಂಡು ನಿಂತಿತು.

“ನೋಡಿದ್ರಾ? ನೇರ ರಸ್ತೆ ಮೀನಿನ ಬೆನ್ನಿದ್ದ ಹಾಗೆ, ನಡುವೆ ಉಬ್ಬು. ತಿರುವಲ್ಲಿ ಗಾಡಿ ಆಚೆ ಎಸೀಬಾರದು ಅಂತ ಇಡೀ ರಸ್ತೇನೇ ಒಂದು ಕಡೆಗೆ ಓರೆ ಮಾಡಿರ್ತಾರೆ. ಆ ಉಬ್ಬು ಈ ಓರೆ ಆಗೋ ನಡುವೆ ಎಲ್ಲೋ ಒಂದು ಕಡೆ ರಸ್ತೆ ತಟ್ಟೆ ಥರ ಮಟ್ಟ ಆಗ್ಲೇಬೇಕು. ಅದೇ ಜಾಗದಲ್ಲಿ ರಸ್ತೆ ಏರೂ ಇಲ್ಲ, ಇಳಿಜಾರೂ ಇಲ್ಲ ಅಂದ್ರೆ ನೀರು ಏನು ಮಾಡ್ಬೇಕು ಹೇಳಿ? ಓಡೋ ಟಯರು ಇದರ ಮೇಲೆ ಬಂದ್ರೆ ನೆಲ ಮುಟ್ಟೋದೇ ಇಲ್ಲ. ತೇಲತ್ತೆ. ಆಮೇಲೆ ಸ್ಟೇರಿಂಗ್ ಎತ್ತ ತಿರುಗಿಸಿದ್ರೂ ಅಷ್ಟೆ.”

ತಲೆಯ ಮೇಲೆ ಸೌದೆ ಹೊತ್ತು ಬರುತ್ತಿದ್ದ ಹೆಂಗಸರು ನಿಂತು ನೋಡಿದರು. ಅವರಲ್ಲೊಬ್ಬಳು, “ಮಳೀಗೆ ಹರಕೆ ಹೊತ್ತೀರೇನ್ರಿ?” ಎಂದು ಕೇಳಿದಳು. ನಾಗೇಶನಿಗೆ ನಾಚಿಕೆಯಾಗಿ ಕೊಡ ಕೆಳಗಿಟ್ಟ. ಶ್ರೀಲತಾ ಬಗ್ಗಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಆ ತೆಳುನೀರಿನ ಅಂಚನ್ನು ಸೀಮೆಸುಣ್ಣದಲ್ಲಿ ಗುರುತು ಮಾಡುತ್ತಿದ್ದಳು. “ಹೌದಮ್ಮ, ಹರಕೆನೇ,” ಎಂದಳು ತಲೆಯೆತ್ತದೆ.

ಆ ಮೇಲೆ ಇದೇ ಮಾತನ್ನು ಅವನು ಊಟದ ಹೊತ್ತಿನಲ್ಲಿ, ಮಲಗುವ ಹೊತ್ತಿನಲ್ಲಿ, ಬಸ್ಸಿನಲ್ಲಿ, ಮಗಳ ನಾಮಕರಣದಲ್ಲಿ ಎಷ್ಟು ಸಲ ಕೇಳಿದನೋ. ಕೇಳಿ ಕೇಳಿ ಅದು ಮನೆಯ ಫ್ಯಾನಿನ ಸದ್ದಿನಂತಾಯಿತು. ಫ್ಯಾನು ತಿರುಗುತ್ತಿದೆ ಎಂದು ಗೊತ್ತು. ಕೇಳುವುದಿಲ್ಲ.

*

ಮುತ್ತೈದೆ ಸಾವು. ಹೆಂಗಸರು ಸ್ನಾನ ಮಾಡಿಸಿ ಹಸಿರು ಸೀರೆ ಉಡಿಸಿದರು, ಬಳೆ ತೊಡಿಸಿ ಮಡಿಲು ತುಂಬಿದರು. ಶ್ರೀಲತಾಳ ತಾಯಿ ದುರ್ಗಮ್ಮ ಗೋಡೆಗೆ ಒರಗಿ ಕೂತಿದ್ದಳು. ಅತ್ತೂ ಅತ್ತೂ ಅವಳ ಗಂಟಲು ಬತ್ತಿತ್ತು.

“ಅಳಿಯಂದ್ರೇ, ಒಂದ್ ಗಳಿಗೆ ಇಲ್ಲಿ ಕೂತ್ಕಳಿ. ಇವತ್ತೊಂದಿನ ಆದ್ರೂ ಅವಳ ಹತ್ರ ಕೂತ್ಕಳಿ,” ಎಂದಳು.

ನಾಗೇಶ ಕೂತ. ಹೆಂಡತಿಯ ಮುಖ ನೋಡಿದ. ಐದು ತಿಂಗಳ ಕಾಯಿಲೆ ಕೆನ್ನೆಯನ್ನೆಲ್ಲ ತಿಂದು ಹಾಕಿತ್ತು. ಆದರೂ ಹುಬ್ಬಿನ ನಡುವಿನ ಗೆರೆ ಹಾಗೇ ಇತ್ತು, ಯಾವುದೋ ಲೆಕ್ಕ ಇನ್ನೂ ಹೊಂದಿಕೆಯಾಗಿಲ್ಲ ಎನ್ನುವಂತೆ. ದೂರದಲ್ಲಿ ಗುಡುಗಿತು. ಅವನು ತಟ್ಟನೆ ಎದ್ದ.

ಅಂಗಳದಲ್ಲಿ ಅವನ ಅಣ್ಣ ಗುತ್ಯಪ್ಪ ಹೆಣ ಒಯ್ಯುವ ಗಾಡಿಯ ಡ್ರೈವರ್ ರಾಜಕುಮಾರನ ಜೊತೆ ದಾರಿಯ ಮಾತಾಡುತ್ತಿದ್ದ. ಹೆಣವನ್ನು ಸೊರಬದಾಚೆ ಉಳವಿಯ ಹತ್ತಿರದ ಅವರ ಊರಿಗೆ ಒಯ್ಯಬೇಕಿತ್ತು. ನಾಗೇಶನ ತಂದೆತಾಯಿಯನ್ನು ಸುಟ್ಟದ್ದು ಅಲ್ಲೇ. ಅಲ್ಲಿ ಸೌದೆ ಒಟ್ಟಲು ಊರಿನವರಿಗೆ ಫೋನಾಗಿತ್ತು.

“ಆನಂದಪುರದ ಮೇಲೆ ಹೋಗನ. ಸುತ್ತಾದ್ರೂ ಸಾಗರದಿಂದ ಸಲೀಸು,” ಎಂದ ಗುತ್ಯಪ್ಪ. “ಸೊರಬದ ಬದಿಗೆ ಭಾರೀ ಮಳೆ ಹೊಡಿತಾ ಇದೆಯಂತೆ. ಹೊತ್ತು ಮುಳುಗದ್ರೊಳಗೆ ಮುಟ್ಬೇಕು.”

“ಶಿರಾಳಕೊಪ್ಪದ ಮೇಲೆ ಹೋಗೋದು,” ಎಂದ ನಾಗೇಶ.

“ಮಾರಾಯ, ಈ ಮಳೇಲಿ...”

“ಅಣ್ಣ, ಶಿರಾಳಕೊಪ್ಪದ ಮೇಲೇ ಹೋಗೋದು.”

ಅವನ ದನಿ ಏರಿತ್ತು. ಮಗಳು ಮೇಘನಾ ಒಳಗಿನಿಂದ ಬಾಗಿಲಿಗೆ ಬಂದು ಅಪ್ಪನನ್ನು ನೋಡಿದಳು. ಶಿವಮೊಗ್ಗದಲ್ಲಿ ಬಿ.ಎಡ್. ಓದುತ್ತಿದ್ದವಳು, ಎರಡು ತಿಂಗಳಿಂದ ಕಾಲೇಜು ಬಿಟ್ಟು ಅಮ್ಮನ ಮಗ್ಗುಲಲ್ಲೇ ಇದ್ದಳು.

“ದೊಡ್ಡಪ್ಪ, ಅಪ್ಪ ಹೇಳಿದ ದಾರೀಲೇ ಹೋಗಣ,” ಎಂದಳು.

*

ಆ ತಿರುವು ಸರಿಹೋಗಲು ಇಷ್ಟು ವರ್ಷ ಹಿಡಿದದ್ದಕ್ಕೆ ಇಲಾಖೆಯೊಂದೇ ಕಾರಣವಲ್ಲ. ಹನುಮಮ್ಮನೂ ಕಾರಣ.

ತಿರುವಿನ ಒಳಮಗ್ಗುಲಿಗೆ ಅವಳ ಮನೆ, ಮನೆಗೆ ಅಂಟಿಕೊಂಡೇ ಕುರಿದೊಡ್ಡಿ. ರಸ್ತೆಯನ್ನು ಓರೆ ಮಾಡಿ, ಉದ್ದಕ್ಕೂ ಚೂರು ಇಳಿಜಾರು ಕೊಟ್ಟರೆ ನೀರು ನಿಲ್ಲುವುದಿಲ್ಲ ನಿಜ. ಆದರೆ ಅದು ಬಂದು ಬೀಳುವುದು ಹನುಮಮ್ಮನ ಅಂಗಳಕ್ಕೆ. ಶ್ರೀಲತಾಳ ಮೊದಲ ನಕ್ಷೆಯಲ್ಲಿ ಚರಂಡಿ ಆ ದೊಡ್ಡಿಯ ನಡುವೆ ಹಾದು ಹೋಗುತ್ತಿತ್ತು. ಅಳತೆಗೆ ಹೋದವರನ್ನು ಹನುಮಮ್ಮ ಕೋಲು ಹಿಡಿದು ಅಟ್ಟಿದಳು.

ಮಾರನೆ ಭಾನುವಾರ ಶ್ರೀಲತಾ ತಾನೇ ಹೋದಳು. ನಾಗೇಶ ಬೈಕಿನ ಮೇಲೆ ಕೂತು ದೂರದಿಂದ ಕೇಳುತ್ತಿದ್ದ.

“ಹ್ವಾದ್ ವರ್ಷ ಲಾರಿ ಬಂದು ನನ್ ದೊಡ್ಡಿಗೆ ಬಿತ್ತು. ಗಬ್ಬದ ಕುರಿ ಸತ್ವು. ಈಗ ನೀರೂ ನನ್ ಮನೀಗೆ ಬಿಡ್ತೀರಿ. ಲಾರಿನೂ ನನಗೇ, ನೀರೂ ನನಗೇ. ನಿಮ್ ರೋಡಿಗೆ ಬ್ಯಾರೆ ಯಾರ್ ಮನಿನೂ ಕಾಣಂಗಿಲ್ಲೇನು?”

“ಲಾರಿ ಬೀಳ್ಬಾರ್ದು ಅಂತಲೇ ಅಮ್ಮ ಇದನ್ನ ಮಾಡ್ತಿರೋದು.”

“ಹಂಗಾರೆ ನಿಮ್ಮನಿ ಮುಂದ ಮಾಡ್ಕೋ ಹೋಗು.”

ಆ ರಾತ್ರಿ ಊಟಕ್ಕೆ ಕೂತ ಶ್ರೀಲತಾ ಅನ್ನ ಕಲಸಿ ಹಾಗೇ ಬಿಟ್ಟು, “ಆಕೆ ಹೇಳಿದ್ದು ಸರಿಯಾಗೇ ಇದೆ ರೀ,” ಎಂದಳು. “ರಸ್ತೆ ಮೇಲಿಂದ ನೀರು ತೆಗೆದ್ರೆ ನನ್ನ ಕೆಲಸ ಮುಗೀತು ಅಂದ್ಕೊಂಡಿದ್ದೆ.”

ಹೊಸ ನಕ್ಷೆ ಬರೆದಳು. ಚರಂಡಿ ದೊಡ್ಡಿಯ ಹೊರಗೆ ಬಳಸಿ, ಮೇಲೆ ಚಪ್ಪಡಿ ಮುಚ್ಚಿಕೊಂಡು, ರಸ್ತೆಯ ಪಕ್ಕದಲ್ಲೇ ಹಳ್ಳದವರೆಗೆ ಹೋಗಬೇಕು. ಮೇಲಿನವರು ಒಂದು ಕುರಿದೊಡ್ಡಿಗೋಸ್ಕರ ಇಷ್ಟುದ್ದದ ಚರಂಡಿಯೇ ಎಂದು ನಕ್ಕು ಅದನ್ನು ಹೊಡೆದುಹಾಕಿದರು. ಮುಂದಿನ ವರ್ಷ ಮತ್ತೆ ಕಳಿಸಿದಳು. ಅದರ ಮುಂದಿನ ವರ್ಷವೂ. ಅಧಿಕಾರಿಗಳು ಬದಲಾದರು, ಮೇಘನಾ ಹೈಸ್ಕೂಲು ಮುಗಿಸಿದಳು, ಆ ತಿರುವಿನಲ್ಲಿ ಇನ್ನೂ ಎರಡು ವಾಹನ ಬಿದ್ದವು. ಶ್ರೀಲತಾ ಮಳೆಗಾಲದ ಭಾನುವಾರಗಳಲ್ಲಿ ಅಲ್ಲಿಗೆ ಹೋಗುವುದನ್ನು ಬಿಡಲಿಲ್ಲ. ಹನುಮಮ್ಮ ಬೈಯುವುದನ್ನೂ ಬಿಡಲಿಲ್ಲ. ಬೈದು ಬೈದು ಸಾಕಾಗಿ ಕೆಲವೊಮ್ಮೆ ಚಹಾ ಕೊಡುತ್ತಿದ್ದಳು.

ಕೊನೆಗೂ ಮಂಜೂರಾಯಿತು. ಕೆಲಸ ಶುರುವಾದದ್ದು ಜನವರಿಯಲ್ಲಿ. ಅವಳ ಹೊಟ್ಟೆನೋವು ಕ್ಯಾನ್ಸರ್ ಎಂದು ಗೊತ್ತಾದದ್ದೂ ಜನವರಿಯಲ್ಲಿ.

*

ಶಿರಾಳಕೊಪ್ಪ ದಾಟಿದ್ದೇ ಮಳೆ ಎದುರಾಯಿತು. ಗಾಡಿಯ ಹಿಂಭಾಗದಲ್ಲಿ ಹೆಣದ ಒಂದು ಮಗ್ಗುಲಿಗೆ ನಾಗೇಶ, ಮೇಘನಾ, ಇನ್ನೊಂದು ಮಗ್ಗುಲಿಗೆ ಗುತ್ಯಪ್ಪ. ಮೈಯಲ್ಲಿ ಆಗದ ದುರ್ಗಮ್ಮ ಮನೆಯಲ್ಲೇ ಉಳಿದಿದ್ದಳು. ಈಶ್ವರ್ ಮುಂದೆ ಡ್ರೈವರನ ಪಕ್ಕ ಕೂತಿದ್ದ. ತಗಡಿನ ಮಾಡಿನ ಮೇಲೆ ಮಳೆ ಕಲ್ಲು ಸುರಿದಂತೆ ಬೀಳುತ್ತಿತ್ತು. ನಾಗೇಶ ಕಿಟಕಿಯ ಗಾಜು ಒರೆಸುತ್ತಿದ್ದ. ಅದು ಮತ್ತೆ ಮಂಜಾಗುತ್ತಿತ್ತು, ಮತ್ತೆ ಒರೆಸುತ್ತಿದ್ದ.

ಗುತ್ಯಪ್ಪ ತಮ್ಮನ ಮೊಣಕಾಲಿನ ಮೇಲೆ ಕೈಯಿಟ್ಟ. “ಎಂತಕ್ಕೆ ಹಿಂಗೆ ಒದ್ದಾಡ್ತೀಯ? ಕಣ್ಣೀರಾದ್ರೂ ಹಾಕು. ಎದೆ ಹಗುರಾಗ್ತದೆ.”

ನಾಗೇಶ ಮತ್ತೆ ಗಾಜು ಒರೆಸಿದ. ಹೇಳುವಂಥದ್ದಾಗಿದ್ದರೆ ಹೇಳುತ್ತಿದ್ದ.

*

ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಎಂದ ಮೇಲೆ ಶ್ರೀಲತಾ ಕಿಟಕಿಯ ಪಕ್ಕ ಮಲಗಿ ಆಕಾಶ ನೋಡುತ್ತಿದ್ದಳು. ತಿರುವಿಗೆ ಡಾಂಬರು ಹಾಕಿ ಮುಗಿದದ್ದು ಏಪ್ರಿಲ್‌ನಲ್ಲಿ. ಮಳೆ ಬಿದ್ದಿಲ್ಲದ ರಸ್ತೆಯನ್ನು ಅವಳು ಮುಗಿದ ರಸ್ತೆ ಎಂದು ಎಂದೂ ಲೆಕ್ಕಕ್ಕೆ ಹಿಡಿದವಳಲ್ಲ.

“ಮಳೆ ಬಂತಾ?” ಎಂದು ದಿನವೂ ಕೇಳುತ್ತಿದ್ದಳು.

“ಇನ್ನೂ ಇಲ್ಲ.”

“ಆ ಕಡೆಗಾದ್ರೂ ಬಂತಾ?”

“ಇಲ್ಲ ಕಣೇ.”

ದನಿ ದಿನದಿಂದ ದಿನಕ್ಕೆ ಇಳಿಯುತ್ತಿತ್ತು. ಮೋಡ ಬಂದು ಬಂದು ಹಾಗೇ ಹೋಗುತ್ತಿತ್ತು. ಒಂದು ಸಂಜೆ ಅಂಗಡಿಯಿಂದ ಬಂದ ನಾಗೇಶ ಬಾಗಿಲಿನಲ್ಲಿ ನಿಂತು ಅವಳ ಕೈಯ ಮೂಳೆಗಳನ್ನು ನೋಡಿದ. ಸದ್ದಾಗದಂತೆ ಹಿತ್ತಲಿಗೆ ಹೋಗಿ, ನಲ್ಲಿಯ ಕೆಳಗೆ ತಲೆ ಒಡ್ಡಿದ. ಅಂಗಿ ತೊಯ್ಯುವವರೆಗೆ ನಿಂತು, ಮುಂಬಾಗಿಲಿನಿಂದ ಒಳಗೆ ಬಂದ.

“ಒಳ್ಳೇ ಮಳೆ! ಶಿರಾಳಕೊಪ್ಪದಿಂದ ಆಚೆಗೆ. ಸೀದಾ ಕಲ್ಲಹಳ್ಳಕ್ಕೇ ಹೋಗಿದ್ದೆ.”

ಅವಳು ಕಣ್ಣರಳಿಸಿದಳು. “ನಿಂತಿತ್ತಾ?”

“ಒಂದು ಹನಿ ನಿಂತಿರ್ಲಿಲ್ಲ. ಬಿದ್ದದ್ದು ಬಿದ್ದ ಹಾಗೆ ಎರಡೂ ಕಡೆಗೆ ಜರ್ರನೆ ಹರಿದು ಹೋಗ್ತಿತ್ತು.”

ಅವಳು ಅವನನ್ನೇ ನೋಡಿದಳು. ಆ ಮೇಲೆ, “ತಲೆ ಒರೆಸ್ಕೊಳ್ಳಿ, ಶೀತ ಆಗತ್ತೆ,” ಎಂದಳು. ಮತ್ತೆಂದೂ ಮಳೆಯ ಸುದ್ದಿ ಕೇಳಲಿಲ್ಲ. ಮೂರನೇ ದಿನಕ್ಕೆ ಹೋದಳು.

ನೆಮ್ಮದಿಯಿಂದ ಹೋದಳು ಎಂದೇ ನಾಗೇಶ ತಿಳಿದಿದ್ದ. ಇವತ್ತು ಬೆಳಿಗ್ಗೆ ಸೊರಬದ ಕಡೆ ಕಪ್ಪಾದ ಆಕಾಶ, ಆ ಮೇಲೆ ಈಶ್ವರನ ತೋಳಿನಿಂದ ಇಳಿಯುತ್ತಿದ್ದ ನೀರು ಕಂಡಾಗ ಮಾತ್ರ ಅನುಮಾನ ಹುಟ್ಟಿತು. ನೀರು ಅಲ್ಲಿ ನಿಂತೇ ಇದ್ದರೆ? ತಾನು ಹೇಳಿದ್ದನ್ನು ನಂಬಿಕೊಂಡು ಹೋದವಳ ಮುಂದೆ ಇನ್ನು ಯಾವ ಮುಖ ಹೊತ್ತು ಬೆಂಕಿ ಇಡುವುದು?

*

“ನಿಲ್ಸು,” ಎಂದ ನಾಗೇಶ.

ರಾಜಕುಮಾರ ಕನ್ನಡಿಯಲ್ಲಿ ನೋಡಿದ. “ದಾರಿ ಮಧ್ಯೆ ಹೆಣದ ಗಾಡಿ ನಿಲ್ಸಬಾರ್ದು ಅಂತಾರಣ್ಣ.”

“ನಿಲ್ಸಪ್ಪ!”

ಗಾಡಿ ಬದಿಗೆ ನಿಂತಿತು. ನಾಗೇಶ ಹಿಂಬಾಗಿಲು ತೆರೆದು ಮಳೆಗೆ ಇಳಿದ. ಗುತ್ಯಪ್ಪ ಏನೋ ಕೂಗಿದ. ಮಳೆಯಲ್ಲಿ ಅದು ಕೇಳಿಸಲಿಲ್ಲ.

ಅವನು ರಸ್ತೆಯ ಅಂಚು ಹಿಡಿದು ತಿರುವಿನ ಬಾಯಿಯವರೆಗೆ ನಡೆದ. ಕೊಡದ ನೀರು ಅಂದು ತೆಳ್ಳಗೆ ಹರಡಿಕೊಂಡು ನಿಂತಿದ್ದ ಜಾಗ ಇದೇ. ಕೆಳಗೆ ಕೂತು ನೋಡಿದ. ಬಿದ್ದ ಹನಿಗಳು ಸಿಡಿದು, ಒಂದಕ್ಕೊಂದು ಕೂಡಿ, ಅವನು ನೋಡುತ್ತಿದ್ದಂತೆಯೇ ಓರೆಯಾಗಿ ಹೊರಟವು. ಎಲ್ಲಿಯೂ ಮಿಂಚುವ ಹಾಳೆಯಿರಲಿಲ್ಲ. ಡಾಂಬರಿನ ಕಲ್ಲುಕಲ್ಲು ಕಾಣುತ್ತಿತ್ತು. ಎದ್ದು ತಿರುವಿನೊಳಕ್ಕೆ ನಡೆದ. ಅಲ್ಲಿ ಇಡೀ ರಸ್ತೆಯ ಅಗಲದ ನೀರು ಎಡಕ್ಕೆ, ಎಡಕ್ಕೆ ಮಾತ್ರ ಇಳಿದು, ಅಂಚಿನ ಕಬ್ಬಿಣದ ಜಾಲರಿಗಳೊಳಗೆ ಗಳಗಳ ಎಂದು ಬೀಳುತ್ತಿತ್ತು. ಬಲಗಡೆಯ ಅಂಚಿನಲ್ಲಿ ಹರಿವೇ ಇರಲಿಲ್ಲ.

ಎರಡೂ ಕಡೆಗೆ ಜರ್ರನೆ.

ನಾಗೇಶ ನಿಂತಲ್ಲೇ ನಿಂತ. ಈ ಓರೆಯನ್ನು ಎಷ್ಟು ವರ್ಷ ಕೂತು ಬರೆದವಳಿಗೆ, ತಿರುವಿನಲ್ಲಿ ನೀರು ಎರಡೂ ಕಡೆಗೆ ಹರಿಯಿತು ಎಂದು ಹೇಳಿದ್ದ.

ಹಿಂದಿನಿಂದ ಮೇಘನಾ ಬಂದು ಕೊಡೆ ಹಿಡಿದಳು. ಕೊಡೆ ಗಾಳಿಗೆ ಮಗುಚಿತು.

“ನಿಮ್ಮಮ್ಮಂಗೆ ಗೊತ್ತಾಗಿತ್ತು,” ಎಂದ ನಾಗೇಶ. “ನಾನು ಅವತ್ತು ಸುಳ್ಳು ಹೇಳಿದ್ದು.”

ಮೇಘನಾ ಕೊಡೆ ಸರಿಮಾಡುತ್ತ, “ಗೊತ್ತಾಗಿತ್ತು ಅಪ್ಪ,” ಎಂದಳು. “ನೀನು ಬಟ್ಟೆ ಬದಲಾಯಿಸೋಕೆ ಹೋದಾಗ ನಕ್ಕಳು. ಪಾಪ, ಟವೆಲ್ ಕೊಡೇ, ನಲ್ಲಿ ಕೆಳಗೆ ನೆನ್ಕೊಂಡು ಬಂದಿದಾರೆ ಅಂದಳು. ಅಷ್ಟು ನಕ್ಕಿದ್ದು ಈ ಎರಡು ತಿಂಗಳಲ್ಲಿ ನಾನು ನೋಡೇ ಇರ್ಲಿಲ್ಲ.”

“ನನಗ್ಯಾಕೆ ಹೇಳ್ಲಿಲ್ಲ ನೀನು?”

“ಹೇಳ್ಬೇಡ ಅಂದಿದ್ಲು.”

ರಸ್ತೆಯ ಕೆಳಗಿನ ಮನೆಯಿಂದ ತಲೆಗೆ ಕಂಬಳಿ ಕೊಪ್ಪೆ ಹಾಕಿಕೊಂಡು ಹನುಮಮ್ಮ ಹತ್ತಿ ಬಂದಳು. ಮಳೆಯಲ್ಲಿ ನೀರು ನೋಡುತ್ತ ನಿಂತ ನಾಗೇಶನನ್ನು ಅವಳು ದೂರದಿಂದಲೇ ಗುರುತಿಸಿದ್ದಳು.

“ಬಂದ್ರೇನ್ರಿ? ಬರ್ತೀರಿ ಅಂತ ಗೊತ್ತಿತ್ತು ನಂಗ. ಎಲ್ಲಿ ನಿಮ್ಮೆಜಮಾನ್ತಿ? ಕರೀರಿ, ಒಂದ್ ಮಾತೈತಿ ಆಕಿ ಜೊತಿ. ಮುಂಜಾನಿಂದ ಹಿಂಗ ಹೊಡೀತೈತಿ, ದೊಡ್ಡಿಗೆ ನೀರ್ ಬಂತೇನಂತ ಒಮ್ಮಿನೂ ಓಡಿ ಹೋಗಿ ನೋಡೋದು ಬಿದ್ದಿಲ್ಲ. ಚಪ್ಪಡಿ ಕೆಳಗ ಹೆಂಗ್ ಸಪ್ಪಳ ಮಾಡ್ತೈತಿ ಕೇಳ್ರಿ!”

ನಾಗೇಶ ಕೈಯೆತ್ತಿ ಗಾಡಿಯನ್ನು ತೋರಿಸಿದ.

ಹನುಮಮ್ಮ ಗಾಡಿ ನೋಡಿದಳು. ಅದರ ಮುಂದೆ ಕಟ್ಟಿದ್ದ ಹೂವಿನ ಹಾರ ನೋಡಿದಳು. ಹಿಡಿದ ಕೈ ಸಡಿಲಿ ಕೊಪ್ಪೆ ಜಾರಿ ಬಿತ್ತು. ಗಾಡಿಯ ಹಿಂಬಾಗಿಲವರೆಗೆ ಹೋಗಿ ಒಳಗೆ ಇಣುಕಿದಳು. ಎದುರಿನಿಂದ ಲಾರಿಯೊಂದು ಹಾರ್ನ್ ಮಾಡುತ್ತ ತಿರುವಿನೊಳಗೆ ಬಂದಾಗ ಒಮ್ಮೆಲೇ ರಸ್ತೆಗೆ ನುಗ್ಗಿ, ಎರಡೂ ಕೈಯೆತ್ತಿ, “ಏ, ನಿಧಾನ್ಕ ಹೋಗೋ! ಕಣ್ ಕಾಣಂಗಿಲ್ಲೇನ? ನಿಧಾನ್ಕ!” ಎಂದು ಗಂಟಲು ಹರಿಯುವಂತೆ ಕೂಗಿದಳು. ಲಾರಿ ಒಂದಿಷ್ಟೂ ಜಾರದೆ ದಾಟಿ ಹೋಯಿತು. ಹನುಮಮ್ಮ ಕೈ ಇಳಿಸದೆ ಹಾಗೇ ನಿಂತಿದ್ದಳು. ಕೊಪ್ಪೆಯಿಲ್ಲದ ತಲೆಯ ಮೇಲೆ ಮಳೆ ಸುರಿಯುತ್ತಿತ್ತು.

ಈಶ್ವರ್ ತಿರುವಿನ ಆಚೆ ತುದಿಯವರೆಗೆ ಹೋಗಿ ಬಂದ. “ಸರ್, ಅಲ್ಲೊಂದು ಕಡೆ ಚೂರು ನಿಂತಿದೆ. ತಟ್ಟೆಯಷ್ಟು. ಡಾಂಬರು ಹಾಕೋವಾಗ ತಗ್ಗಾಗಿದೆ. ಮೇಡಂ ಇದ್ದಿದ್ರೆ ನನ್ನ ಸುಮ್ನೆ ಬಿಡ್ತಿರ್ಲಿಲ್ಲ.”

“ಸರಿ ಮಾಡ್ಸಿ,” ಎಂದ ನಾಗೇಶ.

ಗಾಡಿ ಹತ್ತಿದ ಮೇಲೆ ಅವನ ಅಳು ಒಡೆಯಿತು. ಸೊರಬ ದಾಟುವವರೆಗೂ ಅತ್ತ.

*

ಊರು ಮುಟ್ಟುವಾಗ ಮಳೆ ಇಳಿದಿತ್ತು, ಹೊತ್ತೂ ಇಳಿಯುತ್ತಿತ್ತು. ಹೆಂಗಸರು ಸುಡುವ ಜಾಗಕ್ಕೆ ಬರುವ ಪದ್ಧತಿ ಇಲ್ಲ ಎಂದು ಯಾರೋ ಹಿರಿಯರು ಅಂದರು. ಮೇಘನಾ ಕೇಳಿಸಿಕೊಳ್ಳದವಳಂತೆ ಚಟ್ಟದ ಹಿಂದೆ ನಡೆದಳು. ಗುತ್ಯಪ್ಪ, “ಇರೋದು ಒಂದೇ ಕೂಸು. ಬರ್ಲಿ ಬಿಡಿ,” ಎಂದ. ಮುಂದೆ ಹೋಗುತ್ತಿದ್ದವರು ದಾರಿಯುದ್ದಕ್ಕೂ ಮಂಡಕ್ಕಿ ಎರಚುತ್ತ ಹೋದರು.

ಗುಡ್ಡದ ಬುಡದಲ್ಲಿ, ಗದ್ದೆಗಿಂತ ತುಸು ಮೇಲೆ, ನಾಲ್ಕು ಕಂಬ ನೆಟ್ಟು ಎತ್ತರಕ್ಕೆ ತಗಡು ಹೊದಿಸಿದ್ದರು. ಕೆಳಗೆ ಒಣಸೌದೆ ಒಟ್ಟಿತ್ತು. ಆದರೆ ಗುಡ್ಡ ಇಡೀ ದಿನ ಕುಡಿದ ನೀರನ್ನು ಈಗ ಬಿಡುತ್ತಿತ್ತು. ಕೆಂಪುನೀರು ಹುಲ್ಲಿನ ನಡುವೆ ಹರಡಿಕೊಂಡು ಬಂದು ಸೌದೆಯ ಬುಡಕ್ಕೇ ನುಗ್ಗುತ್ತಿತ್ತು.

“ಮೇಲಿಂದ ಬರೋದಕ್ಕೆ ತಗಡು ಹಾಕಿದ್ವಿ,” ಎಂದ ಗುತ್ಯಪ್ಪ ಸೋತ ದನಿಯಲ್ಲಿ. “ನೆಲದ ಮೇಲೆ ಬರೋದಕ್ಕೆ ಎಂತ ಮಾಡದು?”

“ಎರಡು ಹಳೇ ಟಯರ್ ಹಾಕಿದ್ರೆ ಹತ್ತತದೆ,” ಎಂದರು ಯಾರೋ.

“ಟಯರ್ ಬೇಡ,” ಎಂದ ನಾಗೇಶ. ಚಟ್ಟ ಇಳಿಸಿದ ಮೇಲೆ, ಕಂಬ ನೆಡಲು ತಂದಿದ್ದ ಗುದ್ದಲಿಯನ್ನು ಎತ್ತಿಕೊಂಡ.

ನೀರು ಬರುತ್ತಿದ್ದ ಮೇಲುಗಡೆಯಿಂದ ಕಡಿಯಲು ಶುರುಮಾಡಿದ. ನಾಲ್ಕು ಏಟಿಗೆ ಗುಂಡಿಯಾಯಿತು. ಹುಲ್ಲಿನಲ್ಲಿ ಚದುರಿದ್ದ ನೀರೆಲ್ಲ ಅದರೊಳಗೆ ಕೂಡಿಕೊಂಡು, ತುಂಬಿ, ಮೊದಲಿಗಿಂತ ರಭಸವಾಗಿ ಸೌದೆಯ ಕಡೆಗೇ ಹೊರಳಿತು. ಗಂಡಸರು “ಹೋ ಹೋ” ಎಂದರು. ಈಶ್ವರ್ ಒಂದು ಹೆಜ್ಜೆ ಮುಂದಿಟ್ಟು, ನಿಂತುಬಿಟ್ಟ.

“ಅಪ್ಪ, ಕೆಳಗಿಂದ ಕಡಿ,” ಎಂದಳು ಮೇಘನಾ. “ಅದು ಹೋಗಿ ಸೇರೋ ಜಾಗ ಮೊದಲು ನೋಡ್ಕೋ. ಅಲ್ಲಿಂದ ಶುರು ಮಾಡಿ ಮೇಲಕ್ಕೆ ಬಾ.”

ನಾಗೇಶ ಮಗಳನ್ನು ನೋಡಿದ. ಬಗ್ಗಿ ಗುಂಡಿಗೆ ಮಣ್ಣು ಎಳೆದು ಮುಚ್ಚಿದ. ಗದ್ದೆಯ ಬದುವಿಗೆ ಇಳಿದು ಹೋಗಿ, ಅಲ್ಲಿಂದ ಕಡಿಯುತ್ತ ಹಿಂದೆ ಹಿಂದೆ ಬಂದ. ಚಟ್ಟ ಹೊತ್ತು ಬಂದವರು ಕೈಕಟ್ಟಿ ನಿಂತಿದ್ದರು. ಇಬ್ಬರು ಮೂವರು ಗುದ್ದಲಿಗೆ ಕೈ ಚಾಚಿದರು, ಅವನು ಕೊಡಲಿಲ್ಲ. ಪಂಚೆ ಮೊಣಕಾಲಿನವರೆಗೆ ಕೆಸರಾಯಿತು. ಮೇಘನಾ ಎದುರು ಎದುರು ನಡೆಯುತ್ತ ಕಾಲಿನಲ್ಲಿ ನೆಲ ತೋರಿಸುತ್ತಿದ್ದಳು: ಇಲ್ಲಿ ಆಳ, ಇಲ್ಲಿ ಸಾಕು. ಸೌದೆಯನ್ನು ದೂರದಿಂದ ಬಳಸಿ ಕಾಲುವೆ ಗುಡ್ಡದ ಮಗ್ಗುಲು ಮುಟ್ಟಿತು. ಕೊನೆಯ ಹೆಂಟೆ ತೆಗೆದಾಗ ನೀರು ಒಂದು ಕ್ಷಣ ಅನುಮಾನಿಸಿದಂತೆ ನಿಂತು, ಹೊಸ ದಾರಿಗೆ ಇಳಿಯಿತು.

ಹೊತ್ತು ಮುಳುಗುವ ಮುಂಚೆ ನಾಗೇಶ ಬೆಂಕಿ ಇಟ್ಟ. ಹಸಿಗಾಳಿಗೆ ಮೊದಲು ಬರೀ ಹೊಗೆಯೆದ್ದಿತು. ಆ ಮೇಲೆ ಒಳಗೆಲ್ಲೋ ಚಟಪಟ ಎಂದು, ಜ್ವಾಲೆ ತಗಡಿನ ಕಡೆಗೆ ನಾಲಗೆ ಚಾಚಿತು. ಜನ ಒಬ್ಬೊಬ್ಬರೇ ತಿರುಗಿ ನೋಡದೆ ಊರಿನತ್ತ ಹೊರಟರು. “ಬಾ ನಾಗೇಶ,” ಎಂದು ಕರೆದ ಗುತ್ಯಪ್ಪ, ಸ್ವಲ್ಪ ಕಾದು, ಮೇಘನಾಳ ಭುಜ ಹಿಡಿದುಕೊಂಡು ತಾನೂ ಹೊರಟ.

ನಾಗೇಶ ಕಾಲುವೆಯ ಬದಿಗೆ ಕೂತ. ಬೆಳಗಿನಿಂದ ಕೂತಲ್ಲಿ ಕೂರದಿದ್ದ ಮನುಷ್ಯ ಮಣ್ಣಿನ ಮೇಲೆ ಕಾಲು ಮಡಚಿ ಕೂತ. ಗುಡ್ಡದ ಮಗ್ಗುಲಿನ ದಾರಿಯಲ್ಲಿ ಎರಚಿದ್ದ ಮಂಡಕ್ಕಿಯನ್ನು ಗುಡ್ಡದ ನೀರು ಎತ್ತಿಕೊಂಡು ಬರುತ್ತಿತ್ತು. ಬಿಳಿಯ ಕಾಳುಗಳು ಒಂದರ ಹಿಂದೊಂದು ಬಂದು, ಬೆಂಕಿಯ ಬೆಳಕಿನಲ್ಲಿ ಒಂದಿಷ್ಟು ದೂರ ಕೆಂಪಾಗಿ ಹೊಳೆದು, ಕಾಲುವೆ ಹೊರಳಿದಲ್ಲಿ ತಾವೂ ಹೊರಳಿ, ಎಲ್ಲಿಯೂ ನಿಲ್ಲದೆ ಗದ್ದೆಗೆ ಇಳಿಯುತ್ತಿದ್ದವು.